ಹೊಂಡ ಸಣ್ಣದು, ಪೆಟ್ಟು ದೊಡ್ಡದು

ನಮ್ಮ ದಾರಿ, ನಮ್ಮ ಬೈಕು

ಅಕ್ಕ ತಂಗಿಯರೇ, ಇಡಗುಂದಿ ನಿಮಗೆ ಗೊತ್ತು. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಮುಂದೆ ಹೋದರೆ ಅರಬೈಲು ಘಟ್ಟ. ಘಟ್ಟ ಇಳಿದರೆ ಗುಳ್ಳಾಪುರ, ರಾಮನಗುಳಿ. ಎರಡೂ ಕಡೆ ಕಾಡು. ಕಾಡಿನ ನಡುವೆ ತೋಟ, ಗದ್ದೆ, ಮನೆ. ಮನೆಯಿಂದ ಹೆದ್ದಾರಿಗೆ ಬರಲು ಮಣ್ಣಿನ ದಾರಿ. ಕೆಲವು ಕಡೆ ಹಳ್ಳಕ್ಕೆ ಸಂಕ.

ಹಿಂದೆ ನಡೆದು ಹೋಗುತ್ತಿದ್ದೆವು. ಬಸ್ಸಿಗೆ ಕಾಯುತ್ತಿದ್ದೆವು. ಈಗ ಬಹಳ ಮನೆಗಳಿಗೆ ಬೈಕು ಬಂದಿದೆ. ಡೇರಿಗೆ ಹಾಲು ಹೋಗುವುದು ಬೈಕಿನ ಮೇಲೆ. ಮಕ್ಕಳು ಶಾಲೆಗೆ ಹೋಗುವುದು ಬೈಕಿನ ಮೇಲೆ. ಜ್ವರ ಬಂದರೆ ಯಲ್ಲಾಪುರದ ಆಸ್ಪತ್ರೆಗೆ ಹೋಗುವುದೂ ಬೈಕಿನ ಮೇಲೆ. ಗಂಡನ ಹಿಂದೆ, ಮಗನ ಹಿಂದೆ, ತಮ್ಮನ ಹಿಂದೆ ನಾವು ಕೂರುತ್ತೇವೆ. ಈಗಿನ ಹೆಣ್ಣುಮಕ್ಕಳು ತಾವೇ ಸ್ಕೂಟಿ ಓಡಿಸುತ್ತಾರೆ. ಒಳ್ಳೆಯದೇ ಆಯಿತು.

ಆದರೆ ಬೈಕಿಗೆ ಎರಡೇ ಚಕ್ರ. ರಸ್ತೆ ಚೆನ್ನಾಗಿದ್ದರೆ ಅದು ನಮ್ಮನ್ನು ಹೊತ್ತು ಓಡುತ್ತದೆ. ರಸ್ತೆ ಕೆಟ್ಟರೆ ಬೀಳಿಸುತ್ತದೆ. ಕಾರು, ಬಸ್ಸು ಹೊಂಡಕ್ಕೆ ಬಿದ್ದರೆ ಒಳಗಿದ್ದವರಿಗೆ ಕುಲುಕಾಟ. ಬೈಕು ಅದೇ ಹೊಂಡಕ್ಕೆ ಬಿದ್ದರೆ ಜೀವವೇ ಹೋಗಬಹುದು.

2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿ ಇದ್ದವರು. ಇದು ಸರಕಾರವೇ ಕೊಟ್ಟ ಲೆಕ್ಕ. 2013ರಿಂದ 2017ರವರೆಗೆ ಐದು ವರ್ಷದಲ್ಲಿ ರಸ್ತೆಯ ಹೊಂಡಗಳಿಂದಲೇ 14,926 ಜನ ಸತ್ತರು. 2018ರಲ್ಲಿ ಸುಪ್ರೀಂ ಕೋರ್ಟು ಈ ಲೆಕ್ಕ ನೋಡಿ, ಇದನ್ನು ಒಪ್ಪಲು ಆಗದು ಎಂದಿತು.

ಇಷ್ಟು ಜನರನ್ನು ಹೊಂಡ ಹೇಗೆ ಕೊಲ್ಲುತ್ತದೆ? ತಿಳಿದುಕೊಳ್ಳೋಣ. ತಿಳಿದರೆ ತಪ್ಪಿಸಿಕೊಳ್ಳಬಹುದು.

ಬೈಕು ಬೀಳದೆ ಓಡುವುದು ಹೇಗೆ?

ನಿಂತ ಬೈಕನ್ನು ಕೈಬಿಟ್ಟು ನೋಡಿ. ಧಡಕ್ಕನೆ ಬೀಳುತ್ತದೆ. ಓಡುವ ಬೈಕು ಬೀಳುವುದಿಲ್ಲ. ಯಾಕೆ?

ತಲೆಯ ಮೇಲೆ ನೀರಿನ ಕೊಡ ಹೊತ್ತು ನಡೆಯುವುದನ್ನು ನೆನಪು ಮಾಡಿಕೊಳ್ಳಿ. ಕೊಡ ಎಡಕ್ಕೆ ವಾಲಿತು ಅಂದ ಕೂಡಲೇ ನಾವೂ ಸ್ವಲ್ಪ ಎಡಕ್ಕೆ ಸರಿಯುತ್ತೇವೆ. ಬಲಕ್ಕೆ ವಾಲಿದರೆ ಬಲಕ್ಕೆ ಸರಿಯುತ್ತೇವೆ. ಕಾಲು ಯಾವಾಗಲೂ ಕೊಡದ ಕೆಳಗೇ ಇರುತ್ತದೆ. ಅದಕ್ಕೇ ಕೊಡ ಬೀಳುವುದಿಲ್ಲ. ಇದನ್ನು ನಾವು ಯೋಚನೆ ಮಾಡಿ ಮಾಡುವುದಿಲ್ಲ. ತಾನಾಗಿ ಆಗುತ್ತದೆ.

ಬೈಕೂ ಹಾಗೇ. ಓಡುವಾಗ ಅದು ಎಡಕ್ಕೆ ವಾಲಿದರೆ ಮುಂದಿನ ಚಕ್ರ ಸ್ವಲ್ಪ ಎಡಕ್ಕೆ ತಿರುಗುತ್ತದೆ. ಬಲಕ್ಕೆ ವಾಲಿದರೆ ಬಲಕ್ಕೆ ತಿರುಗುತ್ತದೆ. ಹೀಗೆ ಚಕ್ರ ಮತ್ತೆ ಮತ್ತೆ ಭಾರದ ಕೆಳಗೆ ಬರುತ್ತದೆ. ಓಡಿಸುವವರ ಕೈಯೂ ಇದಕ್ಕೆ ಸಹಾಯ ಮಾಡುತ್ತದೆ. ಬೈಕು ನೆಟ್ಟಗೆ ಓಡಿದ ಹಾಗೆ ಕಾಣುತ್ತದೆ. ನಿಜವಾಗಿ ಅದು ಸಣ್ಣಗೆ ಆಚೆ ಈಚೆ ಸರಿಯುತ್ತಲೇ ಇರುತ್ತದೆ.

ಇದು ನಡೆಯಬೇಕಾದರೆ ಎರಡು ಸಂಗತಿ ಬೇಕು. ಒಂದು, ಮುಂದಿನ ಚಕ್ರ ಸುಲಭವಾಗಿ ತಿರುಗಬೇಕು. ಎರಡು, ಟಯರು ನೆಲವನ್ನು ಗಟ್ಟಿಯಾಗಿ ಹಿಡಿದಿರಬೇಕು.

ಟಯರು ನೆಲಕ್ಕೆ ಎಷ್ಟು ತಾಗುತ್ತದೆ ಗೊತ್ತೇ? ಒಂದೊಂದು ಟಯರು ಸುಮಾರು ಒಂದು ಅಂಗೈಯಷ್ಟು. ಅಷ್ಟೇ! ಬೈಕು, ಗಂಡ, ಹೆಂಡತಿ, ಮಗು, ಸಂತೆಯ ಚೀಲ ಎಲ್ಲವನ್ನೂ ನೆಲಕ್ಕೆ ಹಿಡಿದಿಡುವುದು ಆ ಎರಡು ಅಂಗೈ. ಆ ಅಂಗೈಯ ಕೆಳಗೆ ಜಲ್ಲಿ ಬಂದರೆ, ಕೆಸರು ಬಂದರೆ, ಹೊಂಡ ಬಂದರೆ ಹಿಡಿತ ತಪ್ಪುತ್ತದೆ. ಕೊಡ ಹೊತ್ತವಳ ಕಾಲು ಪಾಚಿಯ ಮೇಲೆ ಬಿದ್ದ ಹಾಗೆ.

ಹೊಂಡ ಹುಟ್ಟುವುದು ಹೇಗೆ?

"ಮೊನ್ನೆ ಮೊನ್ನೆ ಡಾಂಬರು ಹಾಕಿದ್ರು. ಈ ಮಳೆಗೇ ಹೊಂಡ ಬಿತ್ತಲ್ಲ ಮಾರಾಯ್ತಿ!" ಈ ಮಾತು ಎಲ್ಲ ಊರಲ್ಲೂ ಕೇಳುತ್ತದೆ.

ರಸ್ತೆ ಅಂದರೆ ಮೇಲಿನ ಕಪ್ಪು ಡಾಂಬರು ಮಾತ್ರ ಅಲ್ಲ. ಅದರ ಕೆಳಗೆ ಜಲ್ಲಿಯ ಪದರ ಇದೆ. ಜಲ್ಲಿಯ ಕೆಳಗೆ ಗಟ್ಟಿ ಮಾಡಿದ ಮಣ್ಣು ಇದೆ. ಭಾರ ಹೊರುವುದು ಮುಖ್ಯವಾಗಿ ಈ ಕೆಳಗಿನ ಪದರಗಳು. ಡಾಂಬರು ಮೇಲೆ ಹೊದಿಸಿದ ಹೊದಿಕೆ ಇದ್ದ ಹಾಗೆ. ನೀರು ಒಳಗೆ ಇಳಿಯದ ಹಾಗೆ ಕಾಯುವುದೂ ಅದರ ಕೆಲಸ.

ಬಿಸಿಲಿಗೆ, ಭಾರಕ್ಕೆ ಡಾಂಬರಿನಲ್ಲಿ ಸಣ್ಣ ಬಿರುಕು ಬೀಳುತ್ತದೆ. ಬಿರುಕಿನಿಂದ ಮಳೆ ನೀರು ಒಳಗೆ ಇಳಿಯುತ್ತದೆ. ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಮೇಲೆ ಲಾರಿಯ ಚಕ್ರ ಹೋದಾಗ ಮೆತ್ತಗಿನ ಮಣ್ಣು ಕುಸಿಯುತ್ತದೆ. ಆಧಾರ ಇಲ್ಲದ ಡಾಂಬರು ಒಡೆಯುತ್ತದೆ. ಒಡೆದ ಚೂರನ್ನು ಚಕ್ರಗಳು ಎಬ್ಬಿಸಿ ಒಗೆಯುತ್ತವೆ. ಅಲ್ಲಿಗೆ ಹೊಂಡ ಹುಟ್ಟಿತು. ಆಮೇಲೆ ಹೊಂಡದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಷ್ಟೂ ಹೊಂಡ ದೊಡ್ಡದಾಗುತ್ತದೆ.

ಮಣ್ಣಿನ ಗೋಡೆಗೆ ನೀರು ಇಳಿದರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಮಾಡಿನ ಹಂಚು ಒಂದು ಒಡೆದರೆ ಸಾಕು, ಗೋಡೆ ಬೀಳಲು ದಾರಿ ಆಯಿತು. ರಸ್ತೆಗೂ ಅದೇ ಗತಿ. ರಸ್ತೆಯ ದೊಡ್ಡ ವೈರಿ ನೀರು. ಆದ್ದರಿಂದ ರಸ್ತೆ ಉಳಿಯಬೇಕಾದರೆ ಮೊದಲು ಗಟಾರ ಉಳಿಯಬೇಕು. ಗಟಾರದಲ್ಲಿ ಮಣ್ಣು, ತರಗೆಲೆ ತುಂಬಿದರೆ ನೀರು ರಸ್ತೆಯ ಮೇಲೆ ಹರಿಯುತ್ತದೆ. ಮೋರಿ ಕಟ್ಟಿಕೊಂಡರೂ ಹಾಗೇ.

ರಸ್ತೆಯ ಎರಡನೇ ವೈರಿ ಅತಿ ಭಾರ. ಚಕ್ರದ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ. ಸುಮಾರು ಹದಿನಾರು ಪಟ್ಟು! 2010ಕ್ಕೆ ಮುಂಚಿನ ವರ್ಷಗಳು ಹಿರಿಯರಿಗೆ ನೆನಪಿರಬಹುದು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಅದಿರು ತುಂಬಿದ ಲಾರಿಗಳು ಇದೇ ಹೆದ್ದಾರಿಯಲ್ಲಿ ಬೇಲೆಕೇರಿ, ಕಾರವಾರ ಬಂದರಿಗೆ ಹೋಗುತ್ತಿದ್ದವು. ಸಾಲು ಸಾಲು ಲಾರಿ. ಕೆಂಪು ಧೂಳು. ರಸ್ತೆ ತುಂಬ ಹೊಂಡ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. ಆದರೆ ಇದು ಘಟ್ಟ ಮತ್ತು ಕರಾವಳಿಯನ್ನು ಜೋಡಿಸುವ ದಾರಿ. ಭಾರದ ಲಾರಿಗಳ ಓಡಾಟ ಈಗಲೂ ಇದೆ.

ಮಲೆನಾಡಿನ ಮಳೆಗೆ ಎಷ್ಟು ಶಕ್ತಿ ಇದೆ ಎಂದು 2021ರ ಜುಲೈನಲ್ಲಿ ಕಂಡೆವು. ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಓಡಾಟ ನಿಂತಿತು. ಕಳಚೆಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದವು. ಗುಳ್ಳಾಪುರದಲ್ಲಿ ಗಂಗಾವಳಿ ಹೊಳೆಯ ಸೇತುವೆ ಕೊಚ್ಚಿಹೋಯಿತು. ಗುಡ್ಡ, ಸೇತುವೆಯನ್ನೇ ಬಿಡದ ನೀರು ಡಾಂಬರನ್ನು ಬಿಡುತ್ತದೆಯೇ?

ಹೊಂಡಕ್ಕೆ ಬಿದ್ದಾಗ ಏನಾಗುತ್ತದೆ?

ಬೈಕಿನ ಮುಂದಿನ ಚಕ್ರ ಹೊಂಡಕ್ಕೆ ಇಳಿಯಿತು ಎಂದುಕೊಳ್ಳಿ. ಇಳಿಯುವಾಗ ಅಷ್ಟು ತೊಂದರೆ ಇಲ್ಲ. ತೊಂದರೆ ಇರುವುದು ಏರುವಾಗ. ಹೊಂಡದ ಆಚೆಯ ಅಂಚು ಚಕ್ರಕ್ಕೆ ಎದುರಿನಿಂದ ಬಡಿಯುತ್ತದೆ. ಮೆಟ್ಟಿಲಿಗೆ ಕಾಲು ಎಡವಿದ ಹಾಗೆ. ಕೈಯಲ್ಲಿದ್ದ ಹ್ಯಾಂಡಲ್ ಜಗ್ಗುತ್ತದೆ. ಚಕ್ರ ಮೇಲಕ್ಕೆ ಹಾರುತ್ತದೆ. ಗಾಳಿಯಲ್ಲಿ ಇರುವ ಚಕ್ರಕ್ಕೆ ನೆಲದ ಹಿಡಿತ ಇಲ್ಲ. ಆ ಹೊತ್ತಿಗೆ ಬೈಕು ವಾಲಿದರೆ ಸರಿ ಮಾಡಿಕೊಳ್ಳಲು ಆಗುವುದಿಲ್ಲ.

ಚಕ್ರ ಸಣ್ಣದಾದಷ್ಟೂ ಪೆಟ್ಟು ಜಾಸ್ತಿ. ಸಾಮಾನ್ಯ ಬೈಕಿನ ಚಕ್ರ 17 ಅಥವಾ 18 ಇಂಚು. ಸ್ಕೂಟಿಯ ಚಕ್ರ 10 ಅಥವಾ 12 ಇಂಚು. ದೊಡ್ಡ ಚಕ್ರ ಸಣ್ಣ ಹೊಂಡವನ್ನು ದಾಟಿಬಿಡುತ್ತದೆ. ಸಣ್ಣ ಚಕ್ರ ಒಳಗೆ ಕೂತುಬಿಡುತ್ತದೆ. ಸ್ಕೂಟಿ ಓಡಿಸುವ ತಂಗಿಯರು ಇದನ್ನು ಮರೆಯಬಾರದು.

ಹೊಂಡ ಕಂಡ ಕೂಡಲೇ ಬಹಳ ಜನ ಎರಡು ತಪ್ಪು ಮಾಡುತ್ತಾರೆ. ಹೆದರಿ ಗಕ್ಕನೆ ಪಕ್ಕಕ್ಕೆ ಹೊರಳಿಸುತ್ತಾರೆ. ಆಗ ಹಿಂದೆ ಬರುವ ಲಾರಿಗೋ, ಎದುರು ಬರುವ ಬಸ್ಸಿಗೋ ಸಿಕ್ಕುತ್ತಾರೆ. ಹೊಂಡದಿಂದ ಸಾಯುವವರಲ್ಲಿ ಹೀಗೆ ಸಾಯುವವರೂ ಇದ್ದಾರೆ. ಇನ್ನೊಂದು ತಪ್ಪು, ಹೊಂಡದ ಒಳಗೆ ಬ್ರೇಕು ಹಿಡಿಯುವುದು. ಬ್ರೇಕು ಹಿಡಿದಾಗ ಬೈಕಿನ ಮೂತಿ ಕೆಳಗೆ ಬಗ್ಗುತ್ತದೆ. ಮುಂದಿನ ಸ್ಪ್ರಿಂಗು ಮೊದಲೇ ಒತ್ತಿಕೊಂಡಿರುತ್ತದೆ. ಪೆಟ್ಟು ತಡೆಯಲು ಅದಕ್ಕೆ ಜಾಗವೇ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೂರದಿಂದಲೇ ಹೊಂಡ ನೋಡಬೇಕು. ಹೊಂಡಕ್ಕೆ ಮುಂಚೆಯೇ ಬ್ರೇಕು ಹಿಡಿದು ವೇಗ ಇಳಿಸಬೇಕು. ಹೊಂಡಕ್ಕೆ ಇಳಿಯುವಾಗ ಬ್ರೇಕು ಬಿಡಬೇಕು. ಹ್ಯಾಂಡಲನ್ನು ನೆಟ್ಟಗೆ ಹಿಡಿದು ನಿಧಾನ ದಾಟಬೇಕು.

ವೇಗದ ಲೆಕ್ಕ ಕೇಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇದ್ದರೆ ಬೈಕು ಒಂದು ಸೆಕೆಂಡಿಗೆ 11 ಮೀಟರು ಓಡುತ್ತದೆ. 60ರ ವೇಗದಲ್ಲಿ ಸುಮಾರು 17 ಮೀಟರು. ಕಣ್ಣು ಹೊಂಡ ಕಂಡು, ಕೈ ಬ್ರೇಕು ಹಿಡಿಯುವುದರೊಳಗೆ ಸುಮಾರು ಒಂದು ಸೆಕೆಂಡು ಆಗಿರುತ್ತದೆ. ಬ್ರೇಕು ಹಿಡಿದ ಮೇಲೂ ಬೈಕು ಅಲ್ಲೇ ನಿಲ್ಲುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು.

ಮಳೆಗಾಲದಲ್ಲಿ ಹೊಂಡದ ತುಂಬ ನೀರು. ಗೇಣು ಆಳವೋ, ಮೊಳ ಆಳವೋ ಕಾಣುವುದಿಲ್ಲ. ನೀರು ನಿಂತ ಕಡೆ ಆಳ ಇದೆ ಎಂದೇ ತಿಳಿಯಬೇಕು.

ಹೊಂಡ ಒಂದೇ ಅಲ್ಲ

ಬೈಕನ್ನು ಬೀಳಿಸುವುದು ಹೊಂಡ ಮಾತ್ರ ಅಲ್ಲ. ಇನ್ನೂ ಕೆಲವು ಇವೆ.

ಚದುರಿದ ಜಲ್ಲಿ. ರಸ್ತೆ ಕೆಲಸ ಆದ ಮೇಲೆ, ಹೊಂಡ ಕಿತ್ತ ಮೇಲೆ ಜಲ್ಲಿ ಚದುರಿ ಬಿದ್ದಿರುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಕಾಲಿಟ್ಟರೆ ಏನಾಗುತ್ತದೆ? ಅಡಿಕೆ ಉರುಳುತ್ತದೆ, ಕಾಲು ಜಾರುತ್ತದೆ. ಜಲ್ಲಿಯ ಮೇಲೆ ಟಯರಿಗೂ ಹಾಗೇ ಆಗುತ್ತದೆ. ನೆಟ್ಟಗೆ ಹೋಗುವಾಗ ಹೇಗೋ ದಾಟಬಹುದು. ತಿರುವಿನಲ್ಲಿ ಬೈಕು ವಾಲಿರುತ್ತದೆ. ಅಲ್ಲಿ ಜಲ್ಲಿ ಸಿಕ್ಕರೆ, ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಬಿದ್ದೆವು ಎಂದೇ ಲೆಕ್ಕ.

ಡಾಂಬರಿನ ಅಂಚು. ಮಳೆ ನೀರು ಹರಿದು ರಸ್ತೆಯ ಪಕ್ಕದ ಮಣ್ಣು ಕೊಚ್ಚಿಹೋಗುತ್ತದೆ. ಡಾಂಬರು ಮೇಲೆ, ಮಣ್ಣು ಕೆಳಗೆ. ನಡುವೆ ಮೆಟ್ಟಿಲಿನ ಹಾಗೆ ಅಂಚು. ಬಸ್ಸಿಗೆ ದಾರಿ ಬಿಡಲು ಬೈಕು ಕೆಳಗೆ ಇಳಿಯುತ್ತದೆ. ಮತ್ತೆ ಮೇಲೆ ಹತ್ತುವಾಗ ಚಕ್ರ ಅಂಚಿಗೆ ಉಜ್ಜಿಕೊಂಡು ಸಿಕ್ಕಿಕೊಳ್ಳುತ್ತದೆ. ಹ್ಯಾಂಡಲ್ ತಿರುಗುವುದಿಲ್ಲ. ಬೈಕು ರಸ್ತೆಯ ಕಡೆಗೇ ಬೀಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಒಂದು ಪ್ಲಾಸ್ಟಿಕ್ ಬಳೆ ತೆಗೆದುಕೊಳ್ಳಿ. ಸಿಮೆಂಟಿನ ನೆಲದ ಮೇಲೆ ಉರುಳಿಸಿ. ಓಡುವ ತನಕ ಬಳೆ ನಿಂತಿರುತ್ತದೆ. ಈಗ ದಾರಿಗೆ ಅಡ್ಡವಾಗಿ ಒಂದು ಹಿಡಿಕಡ್ಡಿ ಇಡಿ. ಬಳೆ ಎದುರಿನಿಂದ ಬಂದರೆ ಕಡ್ಡಿಯನ್ನು ಹಾರಿ ದಾಟುತ್ತದೆ. ಕಡ್ಡಿಯನ್ನು ಓರೆಯಾಗಿ ಇಟ್ಟು ನೋಡಿ. ಬಳೆ ಕಡ್ಡಿಗೆ ತಾಗಿ ಪಕ್ಕಕ್ಕೆ ತಿರುಗಿ ಬೀಳುತ್ತದೆ. ಅಂಚು ಹತ್ತುವುದಕ್ಕೂ ಇದೇ ಪಾಠ. ಕೆಳಗೆ ಇಳಿದ ಮೇಲೆ ಅವಸರ ಬೇಡ. ವೇಗ ಪೂರ್ತಿ ಇಳಿಸಿ. ಅಂಚು ತಗ್ಗಾಗಿ ಇರುವ ಜಾಗ ನೋಡಿ. ಹಿಂದೆ ಮುಂದೆ ವಾಹನ ಇಲ್ಲ ಎಂದು ನೋಡಿಕೊಂಡು ಅಂಚಿಗೆ ಆದಷ್ಟು ಎದುರಾಗಿ ಹತ್ತಿ.

ಜಾರುವ ನೆಲ. ಮರದ ನೆರಳಿನ ರಸ್ತೆಯಲ್ಲಿ ಪಾಚಿ ಕಟ್ಟುತ್ತದೆ. ಒದ್ದೆ ತರಗೆಲೆ ಬೀಳುತ್ತದೆ. ಸಂಕದ ಹಲಗೆ ಮಳೆಗೆ ನುಣ್ಣಗಾಗುತ್ತದೆ. ಘಟ್ಟದ ತಿರುವಿನಲ್ಲಿ ಲಾರಿಯ ಡೀಸೆಲ್, ಎಣ್ಣೆ ಚೆಲ್ಲಿರುತ್ತದೆ. ಮೊದಲ ಮಳೆ ಬಂದ ದಿನ ಬಹಳ ಜಾಗ್ರತೆ ಬೇಕು. ಬೇಸಿಗೆಯ ಧೂಳು, ಎಣ್ಣೆ ನೀರಿಗೆ ಸೇರಿ ರಸ್ತೆ ಬಚ್ಚಲ ಕಲ್ಲಿನ ಹಾಗೆ ಜಾರುತ್ತದೆ.

ನಾವೇ ಮಾಡುವ ಕೆಲಸ. ಬೇಸರ ಮಾಡಿಕೊಳ್ಳಬೇಡಿ, ಇದನ್ನೂ ಹೇಳಬೇಕು. ನೀರಿನ ಪೈಪು ಹಾಕಲು ರಸ್ತೆ ಅಡ್ಡ ಅಗೆಯುತ್ತೇವೆ. ಮೇಲೆ ಬರೀ ಮಣ್ಣು ಮುಚ್ಚಿ ಬಿಡುತ್ತೇವೆ. ಆ ಮಣ್ಣು ಕುಸಿದು ಕಾಲುವೆ ಆಗುತ್ತದೆ. ಬೈಕು ಜೋರಾಗಿ ಬರುತ್ತದೆ ಎಂದು ಮಣ್ಣಿನ ಉಬ್ಬು ಹಾಕುತ್ತೇವೆ. ರಾತ್ರಿ ಅದು ಯಾರಿಗೂ ಕಾಣುವುದಿಲ್ಲ. ಕೆಲವು ಕಡೆ ರಸ್ತೆಯ ಮೇಲೆ ಹುಲ್ಲು, ಭತ್ತ ಹರಡುತ್ತಾರೆ. ಗದ್ದೆಯಿಂದ ಬಂದ ಟ್ರಾಕ್ಟರು ಕೆಸರು ಉದುರಿಸುತ್ತದೆ. ಮನೆಯ ನೀರನ್ನು ರಸ್ತೆಗೆ ಬಿಡುತ್ತೇವೆ. ಇವೆಲ್ಲ ಯಾರದೋ ಮಗನನ್ನು ಬೀಳಿಸುತ್ತವೆ. ಆ ಮಗ ನಮ್ಮವನೇ ಆಗಿರಬಹುದು.

ಹಿಂದೆ ಕೂರುವ ಅಕ್ಕಂದಿರಿಗೆ

ಬೈಕು ಓಡಿಸುವವನಿಗೆ ಹಿಡಿಯಲು ಹ್ಯಾಂಡಲ್ ಇದೆ. ಹೊಂಡವೂ ಮೊದಲೇ ಕಾಣುತ್ತದೆ. ಹಿಂದೆ ಕೂತವಳಿಗೆ ಎರಡೂ ಇಲ್ಲ. ಚಕ್ರ ಹಾರಿದಾಗ ಅವಳು ಸೀಟಿನಿಂದ ಮೇಲಕ್ಕೆ ಎದ್ದು ಹಿಂದಕ್ಕೆ ಬೀಳುತ್ತಾಳೆ. ತಲೆಯ ಹಿಂಭಾಗ ರಸ್ತೆಗೆ ಬಡಿಯುತ್ತದೆ. ಕೈಕಾಲಿಗೆ ಒಂದು ಗಾಯವೂ ಇರುವುದಿಲ್ಲ. ತಲೆಯ ಒಳಗೆ ರಕ್ತ ಸೋರುತ್ತಿರುತ್ತದೆ. ಅದಕ್ಕೇ ಹಿಂದೆ ಕೂರುವವರಿಗೆ ಈ ಮಾತುಗಳು.

ಎರಡೂ ಕಡೆ ಕಾಲು ಹಾಕಿ ಕೂರುವುದು ಒಳ್ಳೆಯದು. ಒಂದೇ ಕಡೆ ಕಾಲು ಹಾಕಿ ಕೂತರೆ ಭಾರ ಒಂದು ಕಡೆಗೆ ಬೀಳುತ್ತದೆ. ತೂಕ ತಪ್ಪಿದಾಗ ತಡೆದುಕೊಳ್ಳಲೂ ಆಗುವುದಿಲ್ಲ. ಚೂಡಿದಾರ ಹಾಕಿದವರಿಗೆ ಇದು ಸುಲಭ. ಸೀರೆ ಉಟ್ಟವರು ಒಂದೇ ಕಡೆ ಕೂರಲೇಬೇಕಾದರೆ ಕಾಲನ್ನು ಮೆಟ್ಟಿನ ಮೇಲೆ ಇಡಿ. ಒಂದು ಕೈಯಿಂದ ಸೀಟಿನ ಹಿಂದಿನ ಹಿಡಿಯನ್ನು ಬಿಡದೆ ಹಿಡಿಯಿರಿ.

ಸೆರಗು, ವೇಲು ಸೊಂಟಕ್ಕೆ ಸಿಕ್ಕಿಸಿ. ಚಕ್ರಕ್ಕೆ ಸೆರಗು ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ. ಹಿಂದಿನ ಚಕ್ರದ ಪಕ್ಕ ಸೀರೆ ಸಿಗದ ಹಾಗೆ ತಡೆ ಇರಬೇಕು ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹಿಡಿಯಲು ಹಿಡಿ, ಕಾಲಿಡಲು ಮೆಟ್ಟು ಕೂಡ ಇರಬೇಕು. ಚಂದ ಕಾಣಲಿ ಎಂದು ಹುಡುಗರು ಇವನ್ನು ಬಿಚ್ಚಿಸಿ ಒಗೆಯುತ್ತಾರೆ. ಬಿಚ್ಚಲು ಬಿಡಬೇಡಿ.

ಓಡುವ ಬೈಕಿನಲ್ಲಿ ಕೊಡೆ ಬಿಡಿಸಬೇಡಿ. ಮಳೆ ಬಂತು ಎಂದು ಹಿಂದೆ ಕೂತವರು ಕೊಡೆ ಬಿಡಿಸುತ್ತಾರೆ. ಗಾಳಿ ಕೊಡೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೊಡೆಯ ಜೊತೆ ಅವರೂ ಬೀಳುತ್ತಾರೆ. ಒಂದು ಕೈ ಕೊಡೆಗೆ ಹೋದರೆ ಹಿಡಿಗೆ ಕೈ ಎಲ್ಲಿದೆ? ಮಳೆಯಂಗಿ ಹಾಕಿಕೊಳ್ಳಿ. ಇಲ್ಲವೆಂದರೆ ಎಲ್ಲಾದರೂ ನಿಂತು, ಮಳೆ ಬಿಟ್ಟ ಮೇಲೆ ಹೋಗಿ.

ಹಿಂದೆ ಭಾರ ಹೆಚ್ಚು ಹೇರಬೇಡಿ. ಇಬ್ಬರ ಮೇಲೆ ಮೂರನೆಯವರು, ಅದರ ಮೇಲೆ ಅಡಿಕೆ ಚೀಲ, ಗ್ಯಾಸಿನ ಸಿಲಿಂಡರು. ಆಗ ಬೈಕಿನ ಮುಂಭಾಗ ಹಗುರಾಗುತ್ತದೆ. ಮುಂದಿನ ಚಕ್ರಕ್ಕೆ ನೆಲದ ಹಿಡಿತ ಕಡಿಮೆ ಆಗುತ್ತದೆ. ಘಟ್ಟ ಹತ್ತುವಾಗ ಇನ್ನೂ ಹಗುರಾಗುತ್ತದೆ. ಹೊಂಡಕ್ಕೆ ಬಿದ್ದರೆ ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ.

ಹೆಲ್ಮೆಟ್ ಹಾಕಿ. "ಓಡಿಸುವವರಿಗೆ ಸಾಕಲ್ವಾ? ನಮಗ್ಯಾಕೆ?" ಎಂದು ಕೇಳುವವರು ಇದ್ದಾರೆ. ತಲೆ ಇಬ್ಬರಿಗೂ ಇದೆ! ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಐ.ಎಸ್.ಐ. ಗುರುತು ಓದಿ ಕೊಳ್ಳಿ. ಗದ್ದದ ಕೆಳಗಿನ ಪಟ್ಟಿ ಬಿಗಿಯಾಗಿ ಹಾಕಿ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ಹಾರಿ ಹೋಗುತ್ತದೆ.

ಮಗು ಇದ್ದರೆ ಎರಡು ಪಟ್ಟು ಜಾಗ್ರತೆ ಬೇಕು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕು. ಒಂಬತ್ತು ತಿಂಗಳು ದಾಟಿದ, ನಾಲ್ಕು ವರ್ಷದೊಳಗಿನ ಮಗುವಿಗೆ ತಲೆಗೆ ಹೆಲ್ಮೆಟ್, ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ ಎರಡೂ ಇರಬೇಕು. ವೇಗ 40 ದಾಟಬಾರದು. 2023ರಿಂದ ಈ ನಿಯಮ ಇದೆ. ಮಡಿಲಲ್ಲಿ ಬರೀ ಕೈಯಿಂದ ಹಿಡಿದ ಮಗು ಹೊಂಡದ ಪೆಟ್ಟಿಗೆ ಕೈಬಿಟ್ಟು ಹೋಗುತ್ತದೆ. ತಾಯಿಯ ಕೈ ಎಷ್ಟು ಗಟ್ಟಿ ಇದ್ದರೂ ಆ ಪೆಟ್ಟಿಗೆ ಸಾಲದು. ತೀರಾ ಎಳೆ ಮಗುವನ್ನು ಬೈಕಿನ ಮೇಲೆ ಒಯ್ಯಲೇಬೇಡಿ.

ಇನ್ನೊಂದು ಮಾತು. "ನಿಧಾನ ಹೋಗಿ" ಎಂದು ಹೇಳಲು ಹಿಂಜರಿಯಬೇಡಿ. ಗಂಡನಿಗೆ ಸಿಟ್ಟು ಬರಬಹುದು, ಮಗ ನಗಬಹುದು. ಆದರೂ ಹೇಳಿ. ಹಿಂದೆ ಕೂತವಳ ಜೀವವೂ ಜೀವವೇ.

ಯಾರಾದರೂ ಬಿದ್ದರೆ

ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಎಳೆಯಬೇಡಿ. ಕುತ್ತಿಗೆ, ಬೆನ್ನಿನ ಮೂಳೆಗೆ ಪೆಟ್ಟಾಗಿರಬಹುದು. ವಾಹನ ಬಂದು ತಾಗುವ ಭಯ ಇದ್ದರೆ ಮಾತ್ರ ಜಾಗ್ರತೆಯಿಂದ ಸರಿಸಿ. ಹೆಲ್ಮೆಟನ್ನು ಜಗ್ಗಿ ತೆಗೆಯಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೂಡಲೇ 108ಕ್ಕೆ ಫೋನು ಮಾಡಿ. ಅಂಬುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ.

ತಲೆಗೆ ಪೆಟ್ಟು ಬಿದ್ದವರು ಎದ್ದು ಕೂತು "ಏನೂ ಆಗಿಲ್ಲ" ಎನ್ನಬಹುದು. ನಂಬಿ ಸುಮ್ಮನಿರಬೇಡಿ. ವಾಂತಿ, ತಲೆನೋವು, ಮಂಪರು ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

"ಸಹಾಯ ಮಾಡಿದರೆ ಪೋಲೀಸ್ ಕೇಸು ನಮ್ಮ ತಲೆಗೆ ಬಂದರೆ?" ಎಂಬ ಹೆದರಿಕೆ ಬೇಡ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರಿಗೆ 2019ರ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳು ಎಂದು ಯಾರೂ ಬಲವಂತ ಮಾಡುವಂತಿಲ್ಲ.

ರಸ್ತೆ ಯಾರದು?

ಹೊಂಡ ತಪ್ಪಿಸಿ ಓಡಿಸುವುದು ಜಾಣತನ. ಹೊಂಡ ಮುಚ್ಚಿಸುವುದು ಅದಕ್ಕಿಂತ ದೊಡ್ಡ ಜಾಣತನ. ಆದರೆ ಯಾರನ್ನು ಕೇಳಬೇಕು? ಅದಕ್ಕೆ ರಸ್ತೆ ಯಾರದು ಎಂದು ತಿಳಿಯಬೇಕು.

ಈಗ ನಮಗೆ ಓದಲು ಬರುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಕಲ್ಲಿನ ತಲೆ ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಇದ್ದರೆ ಹಳ್ಳಿಯ ರಸ್ತೆ. ಇಡಗುಂದಿಯ ಮೇಲೆ ಹೋಗುವುದು ರಾಷ್ಟ್ರೀಯ ಹೆದ್ದಾರಿ. ಹಿಂದೆ ಅದರ ನಂಬರು 63. ಈಗ 52. ಜನ ಇನ್ನೂ ಹಳೆ ನಂಬರನ್ನೇ ಹೇಳುತ್ತಾರೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆ ಕಂಡರೆ 1033ಕ್ಕೆ ಫೋನು ಮಾಡಬಹುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲೆಯ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ಊರ ಒಳಗಿನ ರಸ್ತೆಗೆ ಗ್ರಾಮ ಪಂಚಾಯ್ತಿಯನ್ನು ಕೇಳಬೇಕು. ರಸ್ತೆ ಬೇರೆ ಇಲಾಖೆಯದಾದರೂ ಪಂಚಾಯ್ತಿಗೆ ಅರ್ಜಿ ಕೊಡಿ. ಪಂಚಾಯ್ತಿ ಅದನ್ನು ಮುಂದೆ ಕಳಿಸಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಹಿಳಾ ಗ್ರಾಮಸಭೆಯಲ್ಲಿ ಕೇಳಿ.

ಇದು ಬೇಡುವ ಮಾತಲ್ಲ, ಹಕ್ಕು. 2019ರಲ್ಲಿ ಬೆಂಗಳೂರಿನ ಹೊಂಡಗಳ ಕುರಿತ ಮೊಕದ್ದಮೆಯಲ್ಲಿ ನಮ್ಮ ಹೈಕೋರ್ಟು ಇದನ್ನೇ ಹೇಳಿತು. ಒಳ್ಳೆಯ ಸ್ಥಿತಿಯ ರಸ್ತೆ ಜನರ ಬದುಕುವ ಹಕ್ಕಿನ ಒಂದು ಭಾಗ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೂ ತಿದ್ದುಪಡಿ ಆಯಿತು. ರಸ್ತೆ ಕಟ್ಟುವವರು, ನೋಡಿಕೊಳ್ಳುವವರು ನಿಯಮ ಪಾಲಿಸದೆ ಯಾರಿಗಾದರೂ ಸಾವು ಅಥವಾ ಅಂಗವಿಕಲತೆ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಅರ್ಜಿ ಬರೆಯೋಣ

ಅರ್ಜಿ ಬರೆಯುವುದು ಕಷ್ಟ ಅಲ್ಲ. ಹೊಂಡ ಎಲ್ಲಿದೆ, ಎಷ್ಟು ದೊಡ್ಡದು, ಯಾರಿಗೆ ತೊಂದರೆ, ಏನು ಮಾಡಬೇಕು. ಈ ನಾಲ್ಕು ಮಾತು ಇದ್ದರೆ ಸಾಕು. ಹೀಗೆ ಬರೆಯಿರಿ:

ದಿನಾಂಕ: ................

ಇವರಿಗೆ,
ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು,
................ ಗ್ರಾಮ ಪಂಚಾಯ್ತಿ.

ಮಾನ್ಯರೇ,

ವಿಷಯ: ರಸ್ತೆಯ ಹೊಂಡ ಮುಚ್ಚಿಸುವ ಬಗ್ಗೆ.

ನಮ್ಮ ಊರಿನಿಂದ ಶಾಲೆಗೆ ಹೋಗುವ ರಸ್ತೆಯಲ್ಲಿ, ಮೋರಿಯ ಹತ್ತಿರ ದೊಡ್ಡ ಹೊಂಡ ಬಿದ್ದಿದೆ. ಅಗಲ ಎರಡು ಮೊಳ. ಆಳ ಒಂದು ಗೇಣು. ಗಟಾರ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ಹರಿಯುತ್ತಿದೆ. ಬೈಕಿನಲ್ಲಿ ಹೋಗುವವರು ಬೀಳುತ್ತಿದ್ದಾರೆ. ಮಕ್ಕಳಿಗೂ ತೊಂದರೆ ಆಗಿದೆ. ಮಳೆಗಾಲಕ್ಕೆ ಮುಂಚೆ ಗಟಾರ ತೆಗೆಸಿ, ಹೊಂಡ ಮುಚ್ಚಿಸಬೇಕು ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ಊರಿನ ಮಹಿಳೆಯರು
(ಎಲ್ಲರ ಸಹಿ)

ಹೆಬ್ಬೆಟ್ಟು ಒತ್ತಬೇಡಿ. ಸಹಿ ಹಾಕಿ. ಒಬ್ಬರು ಬರೆದರೆ ಒಂದು ಕಾಗದ. ಸಂಘದ ಎಲ್ಲರೂ ಸಹಿ ಹಾಕಿದರೆ ಅದಕ್ಕೆ ಬಲ ಜಾಸ್ತಿ. ಅರ್ಜಿಯ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅದರ ಮೇಲೆ ಕಚೇರಿಯ ಸಿಕ್ಕೆ, ತಾರೀಕು ಹಾಕಿಸಿಕೊಳ್ಳಿ. ತಿಂಗಳಾದರೂ ಕೆಲಸ ಆಗದಿದ್ದರೆ ಅದನ್ನೇ ತೋರಿಸಿ ಮತ್ತೆ ಕೇಳಿ.

ಹೊಂಡ ಮುಚ್ಚುವ ತನಕ ಸುಮ್ಮನೆ ಕೂರುವುದು ಬೇಡ. ಹೊಂಡದ ಮುಂಚೆ ಹಸಿರು ಟೊಂಗೆ ನೆಟ್ಟು ಗುರುತು ಮಾಡಿ. ಹೊಂಡಕ್ಕೆ ದೊಡ್ಡ ಕಲ್ಲು ತುಂಬಬೇಡಿ. ಚಕ್ರ ತಾಗಿ ಕಲ್ಲು ಹೊರಗೆ ಬಂದರೆ ಅದೇ ಇನ್ನೊಬ್ಬರನ್ನು ಬೀಳಿಸುತ್ತದೆ. ಮಳೆ ಶುರುವಾಗುವ ಮುಂಚೆ ಮನೆ ಮುಂದಿನ ಗಟಾರದ ಮಣ್ಣು, ತರಗೆಲೆ ತೆಗೆಯಿರಿ. ಒಂದು ದಿನದ ಆ ಕೆಲಸ ಇಡೀ ಮಳೆಗಾಲ ರಸ್ತೆಯನ್ನು ಕಾಯುತ್ತದೆ.

ಓದಿ, ಉತ್ತರ ಹೇಳಿ

1. ಬೈಕಿನ ಒಂದು ಟಯರು ನೆಲಕ್ಕೆ ಎಷ್ಟು ತಾಗುತ್ತದೆ?
2. ರಸ್ತೆಯ ಎರಡು ವೈರಿಗಳು ಯಾವುವು?
3. ಹೊಂಡದ ಒಳಗೆ ಬ್ರೇಕು ಹಿಡಿಯಬಾರದು. ಯಾಕೆ?
4. ಓಡುವ ಬೈಕಿನಲ್ಲಿ ಕೊಡೆ ಬಿಡಿಸಿದರೆ ಏನಾಗುತ್ತದೆ?
5. ನಿಮ್ಮ ಊರ ರಸ್ತೆಯ ಕಿಲೋಮೀಟರ್ ಕಲ್ಲಿನ ತಲೆ ಯಾವ ಬಣ್ಣ? ನೋಡಿ ಬಂದು ಬರೆಯಿರಿ.
6. ನಿಮ್ಮ ಮನೆಯಿಂದ ಬಸ್ ನಿಲ್ದಾಣದವರೆಗೆ ಎಷ್ಟು ಹೊಂಡ ಇವೆ? ಎಣಿಸಿ. ಸಂಘದ ಮುಂದಿನ ಸಭೆಯಲ್ಲಿ ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ.